ಒಂದು ಕೂದಲಿನ ಸಾಕ್ಷಿ

ನಮ್ಮ ಮಗ್ಗದ ಕೋಣೆ ತೇವದ್ದು ಎನ್ನುವುದರಲ್ಲಿ ಮನೆಯ ಯಾರಿಗೂ ಅನುಮಾನವಿರಲಿಲ್ಲ. ಎಷ್ಟು ತೇವ ಎನ್ನುವುದರ ಮೇಲೆ ಮಾತ್ರ ಅಪ್ಪನಿಗೂ ಅಜ್ಜಿಗೂ ಮಾತಿಗೆ ಮಾತು ಬೆಳೆದಿತ್ತು. ತಾಯಿ ಮಕ್ಕಳು ಹೊಲಕ್ಕೆ ಜಗಳವಾಡಿದ್ದನ್ನು ಕೇಳಿದ್ದೇನೆ, ಒಡವೆಗೆ ಜಗಳವಾಡಿದ್ದನ್ನು ಕಂಡಿದ್ದೇನೆ. ಗಾಳಿಗಾಗಿ ಜಗಳವಾಡಿದವರು ಕೊಯಮತ್ತೂರು ಸೀಮೆಯಲ್ಲೆಲ್ಲ ಇವರಿಬ್ಬರೇ ಇರಬೇಕು. ಕಿಣತ್ತುಕಡವು ಸ್ಟೇಷನ್ನಿನಲ್ಲಿ ಇಳಿದು ಎತ್ತಿನ ಗಾಡಿ ಹಿಡಿದರೆ ಬಿಸಿಲೇರುವುದರೊಳಗೆ ನಮ್ಮ ನೇಕಾರರ ಬೀದಿ ಸಿಗುತ್ತಿತ್ತು. ಮನೆಗೆ ಮುಂದೆ ಜಗಲಿ, ಹಿಂದೆ ಅಡಿಗೆ ಕೋಣೆ, ನಡುವೆ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಬೇಸಿಗೆಯ ಒಣಗಾಳಿ ಬೀಸಿತೆಂದರೆ ಉದ್ದಕ್ಕೆ ಹಾಸಿದ ಪಾವಿನ ಎಳೆಗಳು ಪಟಪಟನೆ ಹರಿಯುತ್ತಿದ್ದವು. ಅದಕ್ಕೇ ಅಪ್ಪ ಗುಂಡಿಗೆ ನೀರು ಚಿಮುಕಿಸಿ, ಮಗ್ಗದ ಕೆಳಗೆ ಒದ್ದೆ ಗೋಣಿ ಹಾಸಿ, ಕಿಟಕಿಗೆ ಚಾಪೆ ಕಟ್ಟಿ ಆ ಕೋಣೆಯನ್ನು ಸದಾ ಹಸಿಯಾಗಿ ಇಡುತ್ತಿದ್ದ. ಬೀದಿಯ ಉಳಿದವರು ಒರಟು ನೂಲಿಗೇ ಸಮಾಧಾನಪಟ್ಟುಕೊಂಡಿದ್ದರು. ಅಪ್ಪನಿಗೆ ಸಣ್ಣ ನೂಲೇ ಆಗಬೇಕು, ಸಣ್ಣ ನೂಲಿಗೆ ಹೆಚ್ಚು ತೇವ ಬೇಕು. ನನ್ನ ಅಮ್ಮ ಅದೇ ಕೋಣೆಯ ಮೂಲೆಯಲ್ಲಿ ರಾಟೆಯ ಮುಂದೆ ಕೂತು, ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು.

ಅಲ್ಲೇ ಅವಳಿಗೆ ಕೆಮ್ಮು ಹತ್ತಿತು. ಮೊದಲು ನೆಗಡಿ ಅಂದರು, ಆಮೇಲೆ ಧೂಳು ಅಂದರು, ಕೊನೆಗೆ ಬೀದಿಯವರೆಲ್ಲ ತಗ್ಗಿದ ದನಿಯಲ್ಲಿ ಕಾಸ ಅಂದರು. ಕ್ಷಯಕ್ಕೆ ನಮ್ಮ ಕಡೆ ಅದೇ ಹೆಸರು. ಅವಳು ಹೋದ ಮೇಲೆ ಬೀದಿಯ ಹಿರಿಯರ ಮಾತಿನಂತೆ ಅವಳ ಚಾಪೆ, ದಿಂಬು, ಸೀರೆ, ಬಾಚಣಿಗೆ ಎಲ್ಲವನ್ನೂ ಊರಾಚೆ ಒಯ್ದು ಸುಟ್ಟರು. ಅಲ್ಲಿಂದ ಮುಂದೆ ಯಾರ ಮನೆಯ ಮಕ್ಕಳೂ ನಮ್ಮ ಮನೆಯಲ್ಲಿ ನೀರು ಕುಡಿಯಲಿಲ್ಲ. ನನ್ನನ್ನು ಆಟಕ್ಕೆ ಸೇರಿಸಿಕೊಳ್ಳುತ್ತಿದ್ದರು, ಆದರೆ ಒಬ್ಬರನ್ನೊಬ್ಬರು ಮುಟ್ಟುವ ಆಟಕ್ಕೆ ಸೇರಿಸುತ್ತಿರಲಿಲ್ಲ. ಸ್ಕೂಲಿನಲ್ಲಿ ತಮಿಳು, ಬೀದಿಯಲ್ಲಿ ತಮಿಳು; ಕನ್ನಡ ನಮಗೆ ಹೊಸಿಲೊಳಗಿನ ಮಾತು. ಆ ಹೊಸಿಲೊಳಗೆ ಮಾತಾಡುತ್ತಿದ್ದವಳು ಅಮ್ಮ ಒಬ್ಬಳೇ ಎಂದು ನನಗೆ ಗೊತ್ತಾದದ್ದು ಅವಳು ಇಲ್ಲವಾದ ಮೇಲೆ. ಸಜ್ಜೆ ಗಂಜಿಗೆ ಹುರುಳಿ ಚಟ್ನಿ ನಂಚಿಕೊಂಡು ಅಪ್ಪ ಗೋಡೆ ನೋಡುತ್ತಾ ಉಣ್ಣುತ್ತಿದ್ದ, ನಾನು ಅಪ್ಪನನ್ನು ನೋಡುತ್ತಾ ಉಣ್ಣುತ್ತಿದ್ದೆ, ಅಜ್ಜಿ ನಮ್ಮಿಬ್ಬರನ್ನೂ ನೋಡದೆ ಬಡಿಸುತ್ತಿದ್ದಳು. ಈ ಕನ್ನಡ ಅಕ್ಷರಗಳನ್ನು ನಾನು ಕಲಿತದ್ದು ಎಷ್ಟೋ ವರ್ಷದ ಮೇಲೆ, ಮದುವೆಯಾಗಿ ಕೊಳ್ಳೇಗಾಲಕ್ಕೆ ಹೋದಾಗ. ಆ ವರ್ಷದ್ದನ್ನು ಬರೆಯಬೇಕೆಂದರೆ ಬರೆಯುವುದಕ್ಕೆ ಮಾತೇ ಕಡಿಮೆ.

ಇದ್ದ ಮಾತೆಂದರೆ ಜಗಳ. ಅಮ್ಮ ಅಜ್ಜಿಗೆ ಸೊಸೆ ಮಾತ್ರ ಅಲ್ಲ, ಸ್ವಂತ ಅಣ್ಣನ ಮಗಳು. ತಾನೇ ಹೋಗಿ ಕೇಳಿ ತಂದುಕೊಂಡ ಹುಡುಗಿ. ಹಾಗಾಗಿ ಅಜ್ಜಿಯ ನಾಲಿಗೆಗೆ ಎರಡು ಪಟ್ಟು ಅಧಿಕಾರವಿತ್ತು.

“ಆ ಈರದಲ್ಲಿ ಕೂಡಿಸಿ ಕೂಡಿಸಿ ನನ್ನ ಅಣ್ಣನ ಮಗಳನ್ನ ಕೊಂದ್ಬಿಟ್ಟೆ.” ತೇವಕ್ಕೆ ನಮ್ಮ ಮನೆಮಾತಿನಲ್ಲಿ ಈರ ಎನ್ನುತ್ತಿದ್ದೆವು.

“ಹೆಚ್ಚು ಕಮ್ಮಿ ಬೀದಿಯಲ್ಲಿರೋ ಈರವೇ ಒಳಗೂ ಇರೋದಮ್ಮಾ. ಬೇಕಂದ್ರೆ ಅಳೆದು ತೋರಿಸ್ತೀನಿ.”

“ಯಾವ ಪಡಿಯಲ್ಲಿ ಅಳೀತೀಯಪ್ಪಾ ಈರವನ್ನ? ನನ್ನ ಮೈಗೆ ಗೊತ್ತು.”

“ನಿನ್ನ ಮೈಗೆ ಸಿಟ್ಟು ಬಂದ ದಿನ ಈರ ಜಾಸ್ತಿ, ಸಿಟ್ಟು ಇಳಿದ ದಿನ ಕಮ್ಮಿ. ನನ್ನ ಮೈಯೇನು ಸತ್ಯವಂತ ಅಂತ ನಾ ಹೇಳಲ್ಲ. ಅದೂ ನನಗೆ ಬೇಕಾದ್ದನ್ನೇ ಸೊಲ್ಲುತ್ತೆ. ನಿನ್ನದೂ ಅಲ್ಲದ, ನನ್ನದೂ ಅಲ್ಲದ ಒಂದು ಮಾತು ಬೇಕು.”

ಯಾರದೂ ಅಲ್ಲದ ಮಾತು ಒಂದಿದೆ ಎನ್ನುವುದನ್ನು ಅಪ್ಪ ಕಲಿತದ್ದು ಕೊಯಮತ್ತೂರಿನ ಒಂದು ಮಿಲ್ಲಿನಲ್ಲಿ. ಮದುವೆಗೆ ಮುಂಚೆ ಸ್ವಲ್ಪ ಕಾಲ ಅಲ್ಲಿ ಕೆಲಸಕ್ಕಿದ್ದ. ಆ ಮಿಲ್ಲಿನಲ್ಲಿ ನೇಯುವ ಶೆಡ್ಡಿನ ಗೋಡೆಯ ಮೇಲೆ ಗಾಳಿಯ ತೇವ ಅಳೆಯುವ ಯಂತ್ರ ಇತ್ತಂತೆ. ಅದರ ಮುಳ್ಳು ಇಳಿದರೆ ನೀರು ಬಿಡುತ್ತಿದ್ದರು, ಏರಿದರೆ ನಿಲ್ಲಿಸುತ್ತಿದ್ದರು. ಮೇಸ್ತ್ರಿಯೂ ವಾದಿಸುತ್ತಿರಲಿಲ್ಲ, ಕೂಲಿಯೂ ವಾದಿಸುತ್ತಿರಲಿಲ್ಲ. ಜಗಳಗಂಟಿ ತಾಯಿಯ ಒಬ್ಬನೇ ಮಗನಿಗೆ ಇದು ದೇವರನ್ನು ಕಂಡ ಹಾಗೆ ಆಗಿರಬೇಕು. ಅದರ ಒಳಗುಟ್ಟನ್ನು ಆಮೇಲೆ ಹೇಳಿಕೊಟ್ಟವನು ಅಮ್ಮನ ತಮ್ಮ, ನನ್ನ ಸೋದರಮಾವ. ಅವನು ಕೊಯಮತ್ತೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನುಷ್ಯರ ಕೂದಲು ತೇವ ಕುಡಿದರೆ ಉದ್ದವಾಗುತ್ತದೆ, ಒಣಗಿದರೆ ಕುಗ್ಗುತ್ತದೆ, ಒಂದು ಕೂದಲಿಗೆ ಮುಳ್ಳು ಕಟ್ಟಿದರೆ ಗಾಳಿ ತನ್ನ ಲೆಕ್ಕ ತಾನೇ ಹೇಳುತ್ತದೆ ಎಂದು ಅವನು ಅಮ್ಮ ಇದ್ದಾಗಲೇ ಒಮ್ಮೆ ವಿವರಿಸಿದ್ದ.

ಕೂದಲು ಎಲ್ಲಿಂದ ತರುವುದು? ಅಜ್ಜಿಯದು ಬಿಳಿ ನಾರು, ಹಿಡಿದರೆ ತುಂಡಾಗುತ್ತಿತ್ತು. ಹೇನು ಬಿದ್ದಿವೆ ಎಂದು ನನ್ನ ತಲೆ ಬೋಳಿಸಿದ್ದರು. ನಮ್ಮ ಹೆಂಗಸರು ಬಾಚಿದಾಗ ಉದುರಿದ ಕೂದಲನ್ನು ಬಿಸಾಡುತ್ತಿರಲಿಲ್ಲ. ಬೆರಳಿಗೆ ಸುತ್ತಿ ಸುರುಳಿ ಮಾಡಿ ಸೂರಿನ ಸಂದಿಗೆ ಸಿಕ್ಕಿಸಿಡುತ್ತಿದ್ದರು. ಸಾಕಷ್ಟು ಕೂಡಿದ ಮೇಲೆ ಚೌರಿ ಮಾಡಿಸಿ ಜಡೆಗೆ ಸೇರಿಸಿಕೊಳ್ಳುತ್ತಿದ್ದರು. ಅಮ್ಮನದನ್ನೆಲ್ಲ ಸುಟ್ಟವರಿಗೆ ಸೂರಿನ ಸಂದಿ ಮರೆತುಹೋಗಿತ್ತು. ಅಪ್ಪ ಒಂದು ಮಧ್ಯಾಹ್ನ ಏಣಿ ಹಾಕಿ ಅಲ್ಲಿಂದ ಒಂದು ಕಪ್ಪು ಸುರುಳಿ ತೆಗೆದ. ಇಲಿ ಕಡಿದು ಚೂರುಚೂರಾಗಿತ್ತು. ಬಿಡಿಸುತ್ತಾ ಬಿಡಿಸುತ್ತಾ ಕೊನೆಗೆ ಉದ್ದಕ್ಕೆ ಇಡಿಯಾಗಿ ಉಳಿದದ್ದು ಒಂದೇ ಎಳೆ. ಹರಿದ ಪಾವಿನ ನೂಲನ್ನು ಎತ್ತುವಾಗ ಹಿಡಿಯುವಂತೆಯೇ ಅದನ್ನು ಎರಡು ಬೆರಳಲ್ಲಿ ಹಿಡಿದು ಇಳಿದು ಬಂದ. ಇದು ಯಾರದೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಒಂದು ಹಲಗೆ, ಮೇಲೆ ಆಣಿ, ಆಣಿಯಿಂದ ಕೂದಲು, ಕೂದಲ ತುದಿಗೆ ಒಂದು ಮಣಿಯ ಭಾರ, ತೆಂಗಿನಗರಿಯ ಕಡ್ಡಿಯ ಮುಳ್ಳು. ಹಲಗೆಯನ್ನು ತೇವ ಹೀರುವ ಸುಣ್ಣದ ಕಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು, ಮುಳ್ಳು ನಿಂತ ಕಡೆ ಒಣ ಎಂದು ಗುರುತು ಹಾಕಿದ. ಒದ್ದೆ ಬಟ್ಟೆ ಸುತ್ತಿಟ್ಟು, ನಿಂತ ಕಡೆ ಈರ ಎಂದು ಗುರುತು ಹಾಕಿದ. ನಡುವೆ ನೂರು ಪಾಲು. ಮುಳ್ಳಿನ ಹಿಂದೆ ಒಂದು ಒಡೆದ ಕನ್ನಡಿಯ ಚೂರು ಅಂಟಿಸಿದ. ನಾನು ಗಿಡ್ಡಿ, ಕೆಳಗಿನಿಂದ ನೋಡಿದರೆ ಒಂದು ಅಂಕಿ ಕಾಣುತ್ತಿತ್ತು. ಅಪ್ಪ ಎತ್ತರ, ಮೇಲಿನಿಂದ ನೋಡಿದರೆ ಇನ್ನೊಂದು. ಮುಳ್ಳು ಕನ್ನಡಿಯಲ್ಲಿನ ತನ್ನ ಬಿಂಬವನ್ನೇ ಮುಚ್ಚುವ ಹಾಗೆ ಕಣ್ಣಿಟ್ಟು ನೋಡಿದರೆ ಯಾರು ನೋಡಿದರೂ ಒಂದೇ ಅಂಕಿ.

“ನಾ ಕಂಡದ್ದು ನಿನಗೆ ಹೇಳಲ್ಲ. ನೀ ಮೊದಲು ನೋಡಿ ಹೇಳು. ಎಷ್ಟಿದ್ರೆ ಚೆನ್ನ ಅಂತ ಯೋಚನೆ ಮಾಡಬೇಡ ಪಾಪಾ. ಎಷ್ಟಿದೆ ಅಂತ ಮಾತ್ರ ನೋಡು.”

ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚುವ ಹೊತ್ತಿಗೆ ಇದೇ ಕೆಲಸ. ಹಲಗೆಯನ್ನು ಸ್ವಲ್ಪ ಹೊತ್ತು ಮಗ್ಗದ ಕೋಣೆಯಲ್ಲಿ, ಸ್ವಲ್ಪ ಹೊತ್ತು ಜಗಲಿಯಲ್ಲಿ ನೇತುಹಾಕಿ ಎರಡು ಕಡೆಯೂ ಓದುವುದು. ನಾನು ಅಂಕಿ ಹೇಳುತ್ತಿದ್ದೆ, ಅಪ್ಪ ತನ್ನದು ಹೇಳುತ್ತಿದ್ದ, ಎರಡೂ ಒಂದೇ ಆದರೆ ತಲೆಯಾಡಿಸುತ್ತಿದ್ದ. ನಿಜ ಹೇಳುತ್ತೇನೆ, ಆ ತಲೆಯಾಡಿಸುವಿಕೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆ. ನನಗೆ ಈರ ಬೇಕಾಗಿರಲಿಲ್ಲ, ಒಣ ಬೇಕಾಗಿರಲಿಲ್ಲ. ಅಪ್ಪನಿಗೆ ಅಮ್ಮ ನೆನಪಿದ್ದಾಳೋ ಇಲ್ಲವೋ, ಅದೊಂದು ಗೊತ್ತಾಗಬೇಕಿತ್ತು. ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವಳ ಹೆಸರು ಹಿಡಿದದ್ದನ್ನು ಕೇಳಿರಲಿಲ್ಲ. ಮೂಲೆಯ ರಾಟೆಯನ್ನು ದಾಟಿ ಹೋಗುವಾಗ ಅವನ ಹೆಜ್ಜೆ ತಡೆದದ್ದೂ ಇಲ್ಲ. ಮನೆಯಲ್ಲಿ ಅಮ್ಮನಿಗಾಗಿ ಅಳುವವಳು ನಾನೊಬ್ಬಳೇ, ಅಜ್ಜಿಯದು ಅಳುವಲ್ಲ, ಬೈಗುಳ ಎಂದು ನಾನು ತೀರ್ಮಾನಿಸಿದ್ದೆ. ಕನ್ನಡಿ ಚೂರಿನಲ್ಲಿ ಮುಳ್ಳಿನ ಪಕ್ಕದಲ್ಲಿ ಅಪ್ಪನ ಕಣ್ಣು ಕಾಣುತ್ತಿತ್ತು. ನಾನು ಕದ್ದು ಅದನ್ನೇ ನೋಡುತ್ತಿದ್ದೆ. ಅದು ಮುಳ್ಳನ್ನು ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಮುಳ್ಳು ಅಪ್ಪನ ಪಕ್ಷ ವಹಿಸಿತು. ಒಳಗೆ ಒಂದು ಗೆರೆ ಹೆಚ್ಚು, ಹೊರಗೆ ಒಂದು ಗೆರೆ ಕಡಿಮೆ, ಅಷ್ಟೇ. ವಾರಗಟ್ಟಲೆ ಅಷ್ಟೇ. ಅಪ್ಪ ಅಜ್ಜಿಯನ್ನು ಕರೆದು ತೋರಿಸಿದ.

“ನೋಡಮ್ಮಾ. ತಿಣ್ಣೆಗೂ ಕೋಣೆಗೂ ಏನು ವ್ಯತ್ಯಾಸ ಇದೆ ಸೊಲ್ಲು.” ತಿಣ್ಣೆ ಎಂದರೆ ಜಗಲಿ.

ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಹಲಗೆಯ ಕಡೆ ತಿರುಗಿ ಕೂಡ ನೋಡದೆ ಕೇಳಿದಳು:

“ನಿನ್ನ ಮುಳ್ಳು ಕೆಮ್ಮುತ್ತಾ?”

ಅಪ್ಪ ಹಲಗೆಯನ್ನು ಮತ್ತೆ ಗೋಡೆಗೆ ನೇತುಹಾಕಿದ. ಅವತ್ತಿನಿಂದ ಸ್ವಲ್ಪ ನೆಟ್ಟಗೆ ನಡೆಯತೊಡಗಿದ. ಗುಂಡಿಗೆ ನೀರು ಚಿಮುಕಿಸುವಾಗ ಕೈ ಹಿಂಜರಿಯುತ್ತಿದ್ದುದು ನಿಂತಿತು. ಅಪರಾಧಿಯಲ್ಲ ಎಂದು ಕೋರ್ಟು ಬಿಟ್ಟ ಮನುಷ್ಯನ ಹಾಗೆ ಉಣ್ಣುತ್ತಿದ್ದ, ಮಲಗುತ್ತಿದ್ದ. ಅದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಅವನು ಗೆದ್ದದ್ದರಿಂದ ಅಮ್ಮ ಇನ್ನೂ ದೂರ ಹೋದಳು ಅನ್ನಿಸುತ್ತಿತ್ತು.

ವರ್ಷದ ತಿಥಿಗೆ ಮಾವ ಬಂದ. ಎಡೆ ಇಟ್ಟದ್ದಾಯಿತು, ಕಾಗೆಗೆ ಇಟ್ಟದ್ದಾಯಿತು, ಉಂಡದ್ದಾಯಿತು. ಮಾರನೆಯ ದಿನ ಬೆಳಿಗ್ಗೆ ಅಪ್ಪ ಅವನನ್ನು ಮಗ್ಗದ ಕೋಣೆಗೆ ಕರೆದು ಹಲಗೆ ತೋರಿಸಿದ. ಮಾವ ಮೇಷ್ಟ್ರ ಹಾಗೆ ಕೈ ಹಿಂದೆ ಕಟ್ಟಿಕೊಂಡು ನೋಡಿದ, ಕನ್ನಡಿ ಚೂರನ್ನು ಮೆಚ್ಚಿಕೊಂಡ. ಆಮೇಲೆ ಕೂದಲಿನ ಹತ್ತಿರ ಬಾಯಿ ತಂದು ಹಾ ಎಂದು ಉಸಿರು ಬಿಟ್ಟ. ಮುಳ್ಳು ಸೋಮಾರಿಯ ಹಾಗೆ ಒಂದು ಚೂರು ಅಲುಗಿ ನಿಂತಿತು. ಮಾವನ ಹುಬ್ಬು ಗಂಟಿಕ್ಕಿತು.

“ಭಾವಾ, ಇದು ನಿದ್ದೆ ಮಾಡ್ತಿದೆ. ಎಣ್ಣೆ ತೆಗೆದ್ರಾ?”

ಅಪ್ಪ ಹಲಗೆಯ ಧೂಳು ಒರೆಸಿದ.

“ಆವತ್ತೇ ಹೇಳಿದ್ನಲ್ಲ, ಸೋಡಾ ನೀರಲ್ಲಿ ತೊಳೀಬೇಕು ಅಂತ. ಹೆಂಗಸರ ಕೂದಲಲ್ಲಿ ವರ್ಷಗಟ್ಟಲೆ ತೆಂಗಿನೆಣ್ಣೆ ಕೂತಿರುತ್ತೆ. ಎಣ್ಣೆ ಇದ್ರೆ ಅದು ನೀರನ್ನ ಬೇಗ ಕುಡಿಯಲ್ಲ. ಒಳಗೆ ಹಾಕಿದ್ರೂ ಅದೇ, ಹೊರಗೆ ಹಾಕಿದ್ರೂ ಅದೇ.”

“ಗೊತ್ತು.”

“ಗೊತ್ತಿದ್ದೂ ತೊಳೀಲಿಲ್ವಾ?”

“ಆ ಎಣ್ಣೆ ಅವಳು ಹಚ್ಚಿಕೊಂಡದ್ದು ತಾನೆ.”

ಒಂದು ವರ್ಷ ನಾನು ಕಾದ ಉತ್ತರ ಅಷ್ಟೇ ಸಣ್ಣ ದನಿಯಲ್ಲಿ, ನನ್ನನ್ನು ನೋಡದೆ, ಹಲಗೆಗೆ ಹೇಳಿದ ಹಾಗೆ ಬಂತು. ನಾನು ಗುಂಡಿಯ ಅಂಚಿನಲ್ಲಿ ಕೂತುಬಿಟ್ಟೆ. ಮಾವನಿಗೆ ಆಗ ತಾನೇ ಅರ್ಥವಾಗಿತ್ತು.

“ಇದು ಅಕ್ಕನದಾ?”

ಅಪ್ಪ ಹೌದು ಎನ್ನುವಂತೆ ತಲೆ ತಗ್ಗಿಸಿದ. ಮಾವ ಕೂದಲನ್ನು ಮುಟ್ಟಲು ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಕಣ್ಣು ತುಂಬಿತ್ತು. ಆದರೂ ಅವನು ಮೇಷ್ಟ್ರೇ.

“ಹಾಗಾದ್ರೆ ಇಷ್ಟು ದಿನ ಈ ಮುಳ್ಳು ಹೇಳಿದ್ದು ನಿಮ್ಮ ಮಾತು ಭಾವಾ. ಗಾಳಿ ಮಾತಲ್ಲ.” ಕಣ್ಣೊರೆಸಿಕೊಂಡು ಮತ್ತೆ ಅಂದ: “ಬಿಡಿ. ಇದನ್ನ ಎತ್ತಿಡಿ. ಬೇರೆ ಯಾರದಾದ್ರೂ ಕೂದಲು ತೊಳೆದು ಕಟ್ಟೋಣ.”

“ಬೇಡ. ಈ ಕೋಣೆಯಲ್ಲಿ ಕೂತವಳು ಅವಳು. ಅವಳೇ ಹೇಳಲಿ.”

ಇದು ವಿಜ್ಞಾನವಲ್ಲ ಎಂದು ಮಾವ ಹೇಳಬಹುದಿತ್ತು, ಹೇಳಲಿಲ್ಲ. ಕೂದಲು ಯಾರದಾದರೇನು, ತೊಳೆದ ಮೇಲೆ ಎಲ್ಲ ಒಂದೇ. ನೂಲು ಕುದಿಸಲು ಇಟ್ಟಿದ್ದ ಸೋಡಾವನ್ನು ಅಪ್ಪ ಬಿಸಿನೀರಿನಲ್ಲಿ ಕರಗಿಸಿದ. ಕೂದಲನ್ನು ಆಣಿಯಿಂದ ತಾನೇ ಬಿಡಿಸಿ, ಬಟ್ಟಲಿನಲ್ಲಿ ಅದ್ದಿ, ಬೆರಳುಗಳ ನಡುವೆ ಮೇಲಿಂದ ಕೆಳಕ್ಕೆ ಎಳೆದ. ಮತ್ತೆ ಅದ್ದಿದ, ಮತ್ತೆ ಎಳೆದ. ಅಮ್ಮ ಎಣ್ಣೆ ಹಚ್ಚಿಕೊಳ್ಳುತ್ತಿದ್ದುದು ಜಗಲಿಯ ಬಿಸಿಲಿನಲ್ಲಿ, ಕತ್ತು ಒಂದು ಪಕ್ಕಕ್ಕೆ ಬಾಗಿಸಿಕೊಂಡು, ನನ್ನ ಜೊತೆ ಏನಾದರೂ ಹರಟುತ್ತಾ. ಅದೆಲ್ಲ ಆ ಬಟ್ಟಲಿನ ನೀರಿಗೆ ಹೋಯಿತು. ಆ ನೀರನ್ನು ಅಪ್ಪ ಚೆಲ್ಲಲಿಲ್ಲ, ಹಿತ್ತಲಿನಲ್ಲಿ ತುಳಸಿಯ ಪಕ್ಕದಲ್ಲಿ ಮೆಲ್ಲಗೆ ಸುರಿದ.

ಕೂದಲು ಒಣಗಿತು. ಮತ್ತೆ ಸುಣ್ಣದ ಪೆಟ್ಟಿಗೆ, ಮತ್ತೆ ಒದ್ದೆ ಬಟ್ಟೆ, ಹೊಸ ಗುರುತು. ಮರುದಿನ ಅಪ್ಪ ಕೋಣೆಯನ್ನು ಅಮ್ಮ ಇದ್ದಾಗ ಇದ್ದಂತೆಯೇ ಸಜ್ಜು ಮಾಡಿದ. ಗುಂಡಿಗೆ ನೀರು, ಒದ್ದೆ ಗೋಣಿ, ಕಿಟಕಿಗೆ ಚಾಪೆ. ಒಂದು ಹನಿಯನ್ನೂ ಕಡಿಮೆ ಮಾಡಲಿಲ್ಲ. ತನ್ನ ವಿರುದ್ಧ ತಾನೇ ಸಾಕ್ಷಿ ಕಟ್ಟುವವನು ಅಷ್ಟು ಶ್ರದ್ಧೆಯಿಂದ ಕಟ್ಟುವುದನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ. ಜಗಲಿಯಲ್ಲಿ ಮುಳ್ಳು ನಲವತ್ತರ ಹತ್ತಿರ ನಿಂತಿತ್ತು. ಒಳಗೆ ತಂದು ನೇತುಹಾಕಿದ ಕೂಡಲೇ ಅದು ನಡೆಯತೊಡಗಿತು. ಅಷ್ಟು ದಿನ ನಿದ್ದೆ ಮಾಡಿದ ಮುಳ್ಳು ನಮ್ಮ ಕಣ್ಣೆದುರೇ ಗೆರೆಯಿಂದ ಗೆರೆಗೆ ಹೋಗುತ್ತಿತ್ತು. ನನಗೆ ಅದು ನಿಲ್ಲಲಿ ಅನ್ನಿಸಿತು. ಅದು ನಿಂತಾಗ ಈರದ ಗುರುತಿನ ಪಕ್ಕದಲ್ಲಿತ್ತು.

“ಎಷ್ಟು ಪಾಪಾ?”

“ತೊಂಬತ್ತು.”

“ನನ್ನದೂ ಅಷ್ಟೇ.”

ಅವತ್ತು ಅವನು ತಲೆಯಾಡಿಸಲಿಲ್ಲ. ನೆಟ್ಟಗೆ ಅಡಿಗೆ ಕೋಣೆಗೆ ಹೋದ, ಹಿಂದೆ ನಾನು, ನನ್ನ ಹಿಂದೆ ಮಾವ. ಅಜ್ಜಿ ಒಲೆಯ ಮುಂದೆ ಕೂತಿದ್ದಳು.

“ಅಮ್ಮಾ, ನೀ ಹೇಳಿದ್ದೇ ಸೆರಿ. ಕೋಣೆಯಲ್ಲಿ ಈರ ಜಾಸ್ತಿ. ತುಂಬಾ ಜಾಸ್ತಿ.”

ಒಂದು ವರ್ಷದಿಂದ ಅಜ್ಜಿ ಬಯಸಿದ್ದು ಇದೇ ಮಾತು. ಇನ್ನು ಬೈಗುಳದ ಮಳೆ ಸುರಿಯುತ್ತದೆ ಎಂದು ನಾನು ಬಾಗಿಲ ಮರೆಗೆ ಸರಿದೆ. ಅಜ್ಜಿ ಮಗನ ಮುಖವನ್ನು ನೋಡಿದಳು. ಪೊರೆ ಬಂದ ಕಣ್ಣಿಗೆ ಎಷ್ಟು ಕಂಡಿತೋ ಕಾಣೆ, ಬೇಕಾದಷ್ಟು ಕಂಡಿರಬೇಕು. ನೆಲಕ್ಕೆ ಕೈಯೂರಿ ಎದ್ದಳು.

“ನಾ ಏನು ಹೇಳಿದ್ದೆ? ಹೊಟ್ಟೆ ಉರಿಗೆ ಬಾಯಿಗೆ ಬಂದದ್ದು ಹೇಳಿರ್ತೀನಿ. ಒಂದು ಕೂದಲಿಗೆ ಏನಪ್ಪಾ ಗೊತ್ತು? ಅವಳ ಅವ್ವನೂ ಕೆಮ್ಮಿ ಕೆಮ್ಮಿಯೇ ತಾನೆ ಹೋದದ್ದು? ಅವಳು ಹುಟ್ಟುವಾಗಲೇ ತಂದ ಕಾಯಿಲೆ ಅದು. ಈರಕ್ಕೂ ಅದಕ್ಕೂ ಏನು? ಬೇಕಂದ್ರೆ ಇವನನ್ನೇ ಕೇಳು.”

ಮಾವ ಬಾಗಿಲಲ್ಲಿ ನಿಂತಿದ್ದ. ನಿನ್ನೆ ಗಾಳಿಯ ಮಾತು, ನಿಮ್ಮ ಮಾತು ಎಂದು ಬೇರೆ ಮಾಡಿ ತೋರಿಸಿದವನು ಇವತ್ತು ನೆಲ ನೋಡುತ್ತಾ ಬಾಯಿ ತೆಗೆದ.

“ಹೌದು ಭಾವಾ. ಅತ್ತೆ ಹೇಳೋದು ನಿಜ. ನಮ್ಮ ಅವ್ವನಿಗೂ ಇತ್ತು.”

ಮಾವನ ತಾಯಿ ಸತ್ತದ್ದು ಮಾವನನ್ನು ಹೆತ್ತ ದಿನ, ಬಾಣಂತಿ ಕೋಣೆಯಲ್ಲಿ. ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ಆ ಮನೆಗೂ ಈ ಮನೆಗೂ ಗೊತ್ತಿಲ್ಲದ ಸಾವು ಅಲ್ಲ ಅದು. ತಾನು ಮುಖ ಕೂಡ ಕಾಣದ ತಾಯಿಗೆ ಮಾವ ಒಂದು ಕಾಯಿಲೆ ಕೊಟ್ಟುಬಿಟ್ಟಿದ್ದ. ಒಲೆಯ ಮೇಲೆ ಗಂಜಿ ಉಕ್ಕುತ್ತಿತ್ತು, ಅಜ್ಜಿ ಅದನ್ನೂ ನೋಡಲಿಲ್ಲ. ಅಪ್ಪ ತಾಯಿಯನ್ನು ನೋಡಿದ, ಭಾವಮೈದುನನನ್ನು ನೋಡಿದ, ಕೊನೆಗೆ ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ತಿರುಗಿದ.

“ಪಾಪಾ, ಇನ್ನೊಂದು ಸಲ ನೋಡಿ ಬಾ.”

ನಾನು ಹೋದೆ. ಮುಳ್ಳು ತನ್ನ ಬಿಂಬವನ್ನು ಮುಚ್ಚುವ ತನಕ ಕಣ್ಣನ್ನು ಸರಿಮಾಡಿಕೊಂಡೆ. ತಿರುಗಿ ಬಂದು ಹೇಳಿದೆ.

“ಅಷ್ಟೇ ಇದೆ ಅಪ್ಪಾ.”

ಅಪ್ಪ ಅಲ್ಲೇ ಕುಸಿದು ಕೂತ. ನನ್ನನ್ನು ಹತ್ತಿರ ಎಳೆದುಕೊಂಡು, ಕೂದಲು ಆಗ ತಾನೇ ಚಿಗುರುತ್ತಿದ್ದ ನನ್ನ ತಲೆಗೆ ಹಣೆ ಒತ್ತಿ, ಅಮ್ಮನ ಹೆಸರು ಕೂಗಿ ಕೂಗಿ ಅತ್ತ. ಗಂಡಸರು ಹಾಗೆ ಅಳುತ್ತಾರೆಂದು ನನಗೆ ಗೊತ್ತಿರಲಿಲ್ಲ. ಬೀದಿಯವರು ಬಂದು ಜಗಲಿಯ ಕೆಳಗೆ ನಿಂತರು, ಯಾರೂ ಮೇಲೆ ಹತ್ತಲಿಲ್ಲ. ಸಾಯಂಕಾಲ ಅವನು ಕಿಟಕಿಯ ಚಾಪೆಯನ್ನು ಕಿತ್ತು ಹಾಕಿದ. ಆಮೇಲೆ ನಮ್ಮ ಮನೆಯಲ್ಲೂ ಒರಟು ನೂಲೇ ನೇಯ್ದರು.

ಕ್ಷಯ ಉಸಿರಿನಿಂದ ಉಸಿರಿಗೆ ಹರಡುವ ರೋಗ, ಒದ್ದೆ ಗೋಣಿಯಿಂದ ಹುಟ್ಟುವುದಲ್ಲ, ಗಾಳಿಯಾಡದ ಮುಚ್ಚಿದ ಕೋಣೆ ಅದಕ್ಕೆ ಅನುಕೂಲ ಅಷ್ಟೇ ಎಂದು ನನಗೆ ಈಗ ಗೊತ್ತು. ತೇವ ಎಷ್ಟು ಎಂದು ಕೂದಲು ಹೇಳಬಲ್ಲದು, ಯಾರಿಂದ ಸತ್ತಳು ಎಂದು ಹೇಳಲಾರದು. ಅಪ್ಪ ಒಂದು ಪ್ರಶ್ನೆ ಕೇಳಿ ಇನ್ನೊಂದರ ಉತ್ತರ ಪಡೆದ. ಇದನ್ನು ಅವನಿಗೆ ಹೇಳುವಷ್ಟು ನಾನು ಬೆಳೆದಾಗ ಅವನು ಇರಲಿಲ್ಲ. ಆ ಸಂಕಟ ನನಗೆ ಇನ್ನೂ ಇದೆ.

ಮಾವ ಊರಿಗೆ ಹೊರಟ ಮೇಲೆ ಅಜ್ಜಿ ಜಗಲಿಯಲ್ಲಿ ಕೂತು ನನ್ನನ್ನು ಕರೆದಳು. ಬೈಯಲಿಲ್ಲ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಅವನೇ ಕೇಳಿದ್ನಲ್ಲ ನನ್ನ ಕಣ್ಣು, ಇನ್ನೊಂದು ಸಲ ನೋಡು ಅಂತ. ಸ್ವಲ್ಪ ಇಳಿದಿದೆ ಅಪ್ಪಾ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಾನು ಸೊಲ್ಲಿದೆ, ನಿನ್ನ ಮಾವನೂ ಸೊಲ್ಲಿದ. ನಿನಗೆ ಯಾಕೆ ಬಾಯಿ ಬರಲಿಲ್ಲ?”

ಕೈ ಬಿಡಿಸಿಕೊಂಡು ಒಳಗೆ ಹೋದೆ. ಉತ್ತರ ಏನಿತ್ತೆಂದರೆ, ಅಮ್ಮ ಹೋದ ಮೇಲೆ ಅಪ್ಪ ನನ್ನನ್ನು ಹಸಿವಾ ಎಂದು ಕೇಳಿರಲಿಲ್ಲ, ಭಯವಾ ಎಂದು ಕೇಳಿರಲಿಲ್ಲ. ಕಂಡದ್ದನ್ನು ಹೇಳು ಎಂದು ಮಾತ್ರ ಕೇಳಿದ್ದ. ಅವನಿಗೆ ಕೊಡಲು ನನ್ನ ಹತ್ತಿರ ಬೇರೆ ಏನೂ ಇರಲಿಲ್ಲ.